ಚಿಲ್ಲರೆ ಜೊತೆ ಬಂದ 10 ಪೆಸೊ ನಾಣ್ಯ: ಸೇನಾ ದಂಗೆಗೂ ಸರಕಾರಿ ರಜೆ ಇತ್ತಂತೆ!

ಅಂಡೀಸ್ ತಪ್ಪಲು (ಚರ್ಚೆ ಶುರು ಮಾಡಿದವರು), ಸೆಪ್ಟೆಂಬರ್ 3

ನಮಸ್ಕಾರ ಎಲ್ಲರಿಗೂ. ಚಿಲಿಯ ಸಾಂತಿಯಾಗೊಗೆ ಕೆಲಸದ ಮೇಲೆ ಬಂದು ಎರಡು ವರ್ಷ ಆಯಿತು. ಮೊನ್ನೆ ವಾರದ ಸಂತೆಯಲ್ಲಿ ಬೆಣ್ಣೆಹಣ್ಣು ಕೊಂಡೆ. ಅಜ್ಜಿ ಕೊಟ್ಟ ಚಿಲ್ಲರೆಯಲ್ಲಿ ಒಂದು 10 ಪೆಸೊ ನಾಣ್ಯ ಬೇರೆ ಥರ ಇತ್ತು. ಮಾಮೂಲಿ ನಾಣ್ಯದ ಮೇಲೆ ಚಿಲಿಯ ಸ್ವಾತಂತ್ರ್ಯ ಹೋರಾಟದ ನಾಯಕ ಓ'ಹಿಗ್ಗಿನ್ಸ್ ಅವರ ಮುಖ ಇರುತ್ತದೆ. ಇದರ ಮೇಲೆ ರೆಕ್ಕೆ ಇರುವ ಒಬ್ಬ ಹೆಂಗಸು. ಎರಡೂ ಕೈ ಮೇಲೆತ್ತಿದ್ದಾಳೆ, ಕೈಯಲ್ಲಿ ತುಂಡಾದ ಸರಪಳಿ. ಪಕ್ಕದಲ್ಲಿ ಲಿಬರ್ತಾದ್ ಎಂಬ ಮಾತು, ಅಂದರೆ ಸ್ವಾತಂತ್ರ್ಯ. ಕೆಳಗೆ ಒಂದು ತಾರೀಕು, ತಿಂಗಳು ಮಾತ್ರ ರೋಮನ್ ಅಂಕಿಯಲ್ಲಿ. ಬಿಡಿಸಿ ಓದಿದರೆ 11 ಸೆಪ್ಟೆಂಬರ್ 1973.

ಚಿಲಿಗೆ ಸ್ವಾತಂತ್ರ್ಯ ಬಂದದ್ದು 19ನೇ ಶತಮಾನದಲ್ಲಿ ಅಲ್ವಾ, ಇದು ಯಾವ ಸ್ವಾತಂತ್ರ್ಯ ಅಂತ ಆಫೀಸಿನಲ್ಲಿ ಕೇಳಿದೆ. ಒಬ್ಬ ನಕ್ಕ. ಇನ್ನೊಬ್ಬಳು ನಾಣ್ಯ ತೆಗೆದುಕೊಂಡು ನೋಡಿ, ಏನೂ ಹೇಳದೆ ಮೇಜಿನ ಮೇಲೆ ಬೋರಲು ಹಾಕಿ ಇಟ್ಟಳು. ಆಮೇಲೆ ತಿಳಿಯಿತು. ಅದು ಸೇನಾ ಮುಖ್ಯಸ್ಥ ಪಿನೊಚೆ ಮತ್ತು ಸೇನೆ ಅಧಿಕಾರ ಕಿತ್ತುಕೊಂಡ ದಿನ. 1981ರಿಂದ 1998ರವರೆಗೆ ಆ ದಿನ ದೇಶಕ್ಕೆಲ್ಲ ರಜೆ ಇತ್ತಂತೆ.

ನನ್ನ ಪ್ರಶ್ನೆ ಇಷ್ಟೇ. ಇಂಥ ದಿನಕ್ಕೆ ರಜೆ ಘೋಷಿಸುವುದು ಸುಲಭ, ಬಂದೂಕು ಅವರ ಕೈಯಲ್ಲೇ ಇತ್ತು. ತೆಗೆಯುವುದು ಹೇಗೆ? ಬೇರೆ ದೇಶಗಳಲ್ಲಿ ಏನಾಯಿತು? ಗೊತ್ತಿದ್ದವರು ಬರೆಯಿರಿ.

ನಿವೃತ್ತ ಮೇಷ್ಟ್ರು, ಸೆಪ್ಟೆಂಬರ್ 3

ಒಳ್ಳೆಯ ಪ್ರಶ್ನೆ. ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ.

ಸಾಲ್ವದೋರ್ ಅಯೆಂದೆ 1970ರಲ್ಲಿ ಚುನಾವಣೆ ಗೆದ್ದು ಅಧ್ಯಕ್ಷರಾದ ಸಮಾಜವಾದಿ. ವೃತ್ತಿಯಲ್ಲಿ ಡಾಕ್ಟರು. 1971ರ ಜುಲೈನಲ್ಲಿ ದೊಡ್ಡ ತಾಮ್ರದ ಗಣಿಗಳನ್ನು ರಾಷ್ಟ್ರೀಕರಣ ಮಾಡಿದರು. ಸಂಸತ್ತಿನಲ್ಲಿ ಅದಕ್ಕೆ ಒಂದು ವಿರೋಧದ ಮತವೂ ಬೀಳಲಿಲ್ಲ. ಆಮೇಲೆ ಬೆಲೆ ಏರಿತು, ಅಂಗಡಿ ಮುಂದೆ ಸಾಲು ಬೆಳೆಯಿತು, 1972ರಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. ಅಮೆರಿಕ ಒಳಗಿಂದೊಳಗೆ ವಿರೋಧಿಗಳಿಗೆ ದುಡ್ಡು ಕೊಡುತ್ತಿತ್ತು.

1973ರ ಸೆಪ್ಟೆಂಬರ್ 11, ಮಂಗಳವಾರ. ಬೆಳಗಿನ ಜಾವ ನೌಕಾಪಡೆ ವಾಲ್ಪರೈಸೊ ಬಂದರನ್ನು ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ವಿಮಾನಗಳು ಅಧ್ಯಕ್ಷರ ಅರಮನೆಯ ಮೇಲೆ ದಾಳಿ ಮಾಡಿದವು. ಹಾಕರ್ ಹಂಟರ್ ವಿಮಾನಗಳು. ನಮ್ಮ ವಾಯುಪಡೆಯಲ್ಲೂ ಇದ್ದವಲ್ಲ, 1971ರಲ್ಲಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳ ಮೇಲೆ ಎರಗಿದವು, ಅದೇ ಜಾತಿ. ಚಿಲಿಯಲ್ಲಿ ಅವು ಸ್ವಂತ ರಾಜಧಾನಿಯ ಮೇಲೆ ಎರಗಿದವು. ಅಯೆಂದೆ ರೇಡಿಯೊದಲ್ಲಿ ಜನರಿಗೆ ವಿದಾಯ ಹೇಳಿ ಅರಮನೆಯ ಒಳಗೇ ಸತ್ತರು. ಅದು ಆತ್ಮಹತ್ಯೆ ಎಂದು 2011ರ ಮರುಪರೀಕ್ಷೆ ದೃಢಪಡಿಸಿತು.

ಆ ಅರಮನೆಯ ಹೆಸರು ಲಾ ಮೊನೆಡಾ. ಮೊನೆಡಾ ಅಂದರೆ ನಾಣ್ಯ. ಅದನ್ನು ಕಟ್ಟಿದ್ದು ಟಂಕಸಾಲೆ ಅಂತ, 1805ರಲ್ಲಿ ಉದ್ಘಾಟನೆ ಆಯಿತು. ಟಂಕಸಾಲೆ ಮೇಲೆ ಬಾಂಬ್ ಹಾಕಿದ ತಾರೀಕು ಟಂಕಿಸಿಕೊಂಡು ನಿಮ್ಮ ಜೇಬಿಗೆ ಬಂದಿದೆ ನೋಡಿ.

ಬೆಂಗಳೂರು ಮಳೆ, ಸೆಪ್ಟೆಂಬರ್ 3

ಎಷ್ಟು ಜನ ಸತ್ತರು?

ನಿವೃತ್ತ ಮೇಷ್ಟ್ರು, ಸೆಪ್ಟೆಂಬರ್ 4

17 ವರ್ಷದ ಆಡಳಿತದಲ್ಲಿ ಕೊಲೆಯಾದವರು, ಕಾಣೆಯಾದವರು ಸೇರಿ 3,000ಕ್ಕಿಂತ ಜಾಸ್ತಿ. ಸೆರೆ ಮತ್ತು ಚಿತ್ರಹಿಂಸೆ ಅನುಭವಿಸಿದವರು ಹತ್ತಿರ ಹತ್ತಿರ 40,000. ಇದು ಚಿಲಿ ಸರಕಾರವೇ ನೇಮಿಸಿದ ಆಯೋಗಗಳ ಲೆಕ್ಕ. ರಾಷ್ಟ್ರೀಯ ಕ್ರೀಡಾಂಗಣವನ್ನೇ ಸೆರೆಮನೆ ಮಾಡಿದ್ದರು.

ಸುಮ್ನೆ ಕೇಳ್ದೆ, ಸೆಪ್ಟೆಂಬರ್ 4

ಬೈಬೇಡಿ, ಒಂದು ಮಾತು. 1973ರಲ್ಲಿ ಆ ದೇಶದಲ್ಲಿ ಬೆಲೆ ಏರಿಕೆ ಶೇ. 500 ದಾಟಿತ್ತು. ಬ್ರೆಡ್ಡಿಗೂ ಕ್ಯೂ. ಆಮೇಲೆ ಚಿಲಿ ಆ ಖಂಡದಲ್ಲೇ ಚೆನ್ನಾಗಿರುವ ದೇಶ ಆಯಿತು. ಅಲ್ಲಿನ ಅರ್ಧ ಜನಕ್ಕೆ ಆ ದಿನ ನಿಜವಾಗಲೂ ಬಿಡುಗಡೆ ಅನ್ನಿಸಿರಬಹುದು. ಅವರು ರಜೆ ಆಚರಿಸಿದರೆ ನಮಗೇನು ಹೊಟ್ಟೆಯುರಿ?

ಲೆಕ್ಕದ ಪುಸ್ತಕ, ಸೆಪ್ಟೆಂಬರ್ 4

ಹೊಟ್ಟೆಯುರಿ ಇಲ್ಲ, ಲೆಕ್ಕ ಪೂರ್ತಿ ಹಾಕಿ ಅಂತ ಅಷ್ಟೇ.

1982ರಲ್ಲಿ ಅದೇ ಸೇನಾ ಆಡಳಿತದಲ್ಲಿ ಚಿಲಿಯ ಆರ್ಥಿಕತೆ ಒಂದೇ ವರ್ಷದಲ್ಲಿ ಶೇ. 13ಕ್ಕಿಂತ ಜಾಸ್ತಿ ಕುಸಿಯಿತು. ಬ್ಯಾಂಕುಗಳನ್ನು ಸರಕಾರವೇ ಕೈಗೆ ತೆಗೆದುಕೊಳ್ಳಬೇಕಾಯಿತು. ಖಾಸಗೀಕರಣದ ಗುರುಗಳು!

ಇನ್ನೊಂದು ತಮಾಷೆ. ಅಯೆಂದೆ ರಾಷ್ಟ್ರೀಕರಣ ಮಾಡಿದ ತಾಮ್ರದ ಗಣಿಗಳನ್ನು ಪಿನೊಚೆ ವಾಪಸ್ ಕೊಡಲೇ ಇಲ್ಲ. 1976ರಲ್ಲಿ ಅವನ್ನೆಲ್ಲ ಸೇರಿಸಿ ಕೊಡೆಲ್ಕೊ ಎಂಬ ಸರಕಾರಿ ಕಂಪನಿ ಮಾಡಿದರು. ಅದರ ಮಾರಾಟದಲ್ಲಿ ಶೇ. 10 ನೇರ ಸೇನೆಗೆ. ಆ ಕಾನೂನು ಹೋದದ್ದು 2019ರಲ್ಲಿ. 1981ರಲ್ಲಿ ಜನರ ಪಿಂಚಣಿಯನ್ನೆಲ್ಲ ಖಾಸಗಿ ಕಂಪನಿಗಳಿಗೆ ವಹಿಸಿದರು. ಸೈನಿಕರ ಪಿಂಚಣಿ ಮಾತ್ರ ಸರಕಾರದಲ್ಲೇ ಉಳಿಯಿತು. ಔಷಧಿ ಅಷ್ಟು ಒಳ್ಳೆಯದಾಗಿದ್ದರೆ ಡಾಕ್ಟರು ತಾನೂ ಕುಡಿಯಬೇಕಿತ್ತು.

ಸುಮ್ನೆ ಕೇಳ್ದೆ, ಸೆಪ್ಟೆಂಬರ್ 4

ಪಿಂಚಣಿ ವಿಷಯ ಗೊತ್ತಿರಲಿಲ್ಲ. ಆದರೂ ಒಂದು ಲೆಕ್ಕ ನಾನೂ ಕೊಡುತ್ತೇನೆ. 1988ರಲ್ಲಿ ಪಿನೊಚೆ ಮುಂದುವರಿಯಬೇಕೇ ಅಂತ ಜನಮತ ಕೇಳಿದಾಗ ಶೇ. 44 ಮಂದಿ ಹೌದು ಅಂದರು. 15 ವರ್ಷ ಆದ ಮೇಲೂ. ಅಷ್ಟು ಜನರನ್ನು ಲೆಕ್ಕಕ್ಕೇ ಇಲ್ಲ ಅನ್ನುವುದು ಹೇಗೆ?

ಅಂಡೀಸ್ ತಪ್ಪಲು, ಸೆಪ್ಟೆಂಬರ್ 5

ಬಿಡೋಕೆ ಆಗಲ್ಲ, ನಿಜ. ನಾನಿರುವ ಮನೆಯಲ್ಲೇ ಆ ಲೆಕ್ಕ ಕೂತಿದೆ.

ಇಲ್ಲಿ ಸಂಜೆಯ ಚಹಾಕ್ಕೆ "ಓನ್ಸೆ" ಅನ್ನುತ್ತಾರೆ. ಓನ್ಸೆ ಅಂದರೆ ಹನ್ನೊಂದು. ಯಾಕೆ ಹಾಗೆ ಅಂದರೆ ನೂರು ಕತೆ. ಗಂಡಸರು ಚಹಾದ ನೆಪದಲ್ಲಿ ಅಗುವಾರ್ದಿಯೆಂತೆ ಅನ್ನುವ ಸಾರಾಯಿ ಕುಡಿಯುತ್ತಿದ್ದರಂತೆ, ಸ್ಪ್ಯಾನಿಷಿನಲ್ಲಿ ಆ ಹೆಸರಿಗೆ 11 ಅಕ್ಷರ, ಅದಕ್ಕೇ ಹನ್ನೊಂದು ಅಂತ ಗುಟ್ಟಿನ ಹೆಸರು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಸೆಪ್ಟೆಂಬರ್ ಬಂದರೆ "ಎಲ್ ಓನ್ಸೆ" ಅಂದರೆ ಆ ದಿನವೇ. ವರ್ಷ ಹೇಳಬೇಕಿಲ್ಲ, ತಿಂಗಳು ಹೇಳಬೇಕಿಲ್ಲ.

ನಮ್ಮ ಮನೆ ಒಡತಿ ಅರವತ್ತರ ಹತ್ತಿರದವರು. ನಿನ್ನೆ ಓನ್ಸೆಗೆ ಕರೆದಿದ್ದರು, ಅವರ ಅಣ್ಣನೂ ಬಂದಿದ್ದರು. ಬ್ರೆಡ್ಡು, ಬೆಣ್ಣೆಹಣ್ಣು, ಚಹಾ. ನಾನು ದಡ್ಡತನದಿಂದ ನಾಣ್ಯ ತೆಗೆದು ಮೇಜಿನ ಮೇಲೆ ಇಟ್ಟೆ. ಅಣ್ಣ "ಪ್ರೊನುನ್ಸಿಯಾಮಿಯೆಂತೊ ಆದ ದಿನ" ಅಂದರು. ಅಂದರೆ ಸೇನೆ ತನ್ನ ನಿಲುವು ಸಾರಿತು ಅನ್ನೋ ಹಾಗೆ. ತಂಗಿ ಚಹಾ ಹಾಕುತ್ತಿದ್ದವರು ತಲೆ ಎತ್ತದೆ "ಗೋಲ್ಪೆ" ಅಂದರು. ಗೋಲ್ಪೆ ಅಂದರೆ ಏಟು. ಅಣ್ಣ ಮತ್ತೆ ಅವರ ಮಾತು, ತಂಗಿ ಮತ್ತೆ ಇವರ ಮಾತು. ಇಡೀ ಜಗಳ ಎರಡೇ ಪದದಲ್ಲಿ ಮುಗಿಯಿತು. ಆಮೇಲೆ ಇಬ್ಬರೂ ಸಕ್ಕರೆ ಬೇಕಾ ಅಂತ ನನ್ನನ್ನು ಕೇಳಿದರು.

ಅಣ್ಣ ಹೋದ ಮೇಲೆ ಅವರು ಹೇಳಿದ್ದು ಇದು. 80ರ ದಶಕದಲ್ಲಿ ಸರಕಾರ ರಜೆ ಕೊಟ್ಟದ್ದು ಪೆರೇಡ್ ನೋಡಲಿ ಅಂತ. ಆದರೆ ಕೆಲಸ ಇಲ್ಲದ ದಿನ ಅಂದರೆ ವಿರೋಧಿಗಳಿಗೂ ಇಡೀ ದಿನ ಬಿಡುವು. ಬೆಳಿಗ್ಗೆ ಅವರ ಬ್ಯಾಂಡು, ಸಂಜೆ ಇವರ ಟೈರು ಸುಡುವುದು. ರಾತ್ರಿ ಯಾರೋ ಕರೆಂಟ್ ತಂತಿಯ ಮೇಲೆ ಸರಪಳಿ ಎಸೆಯುತ್ತಿದ್ದರು, ಬಡಾವಣೆಗೆ ಬಡಾವಣೆಯೇ ಕತ್ತಲು. ಅವರ ಅಮ್ಮ ಆವತ್ತು ಮಧ್ಯಾಹ್ನವೇ ಬಕೆಟ್ಟುಗಳಿಗೆ ನೀರು ತುಂಬಿಸಿ, ಮೇಣದಬತ್ತಿ ಎಣಿಸಿ ಇಡುತ್ತಿದ್ದರಂತೆ. ನಮ್ಮಲ್ಲಿ ಗ್ರಹಣಕ್ಕೆ ಮುಂಚೆ ಅಡಿಗೆಮನೆ ಸಜ್ಜು ಮಾಡಿಕೊಳ್ಳುತ್ತಾರಲ್ಲ, ಹಾಗೆ.

ನಾಣ್ಯದ ಮೇಲಿರುವ ಸರಪಳಿ ನೆನಪಾಯಿತು ನನಗೆ.

ಪದಕೋಶದ ಹುಳು, ಸೆಪ್ಟೆಂಬರ್ 5

ಆ ಎರಡು ಪದದ ಜಗಳ ನಮ್ಮಲ್ಲೂ ಇದೆ ಸ್ವಾಮಿ, ನಾವು ಗಮನಿಸಿಲ್ಲ ಅಷ್ಟೇ. ನಮ್ಮ ಪತ್ರಿಕೆಗಳು ಇದಕ್ಕೆ ಒಮ್ಮೆ "ಸೇನಾ ದಂಗೆ" ಅಂತ ಬರೆಯುತ್ತವೆ, ಒಮ್ಮೆ "ಕ್ಷಿಪ್ರಕ್ರಾಂತಿ" ಅಂತ. ದಂಗೆ ಅಂದರೆ ತಪ್ಪು ಮಾಡಿದರು ಅನ್ನುವ ವಾಸನೆ. ಕ್ರಾಂತಿ ಅಂದ ಕೂಡಲೇ ಅರ್ಧ ಹಾರ ಹಾಕಿದ ಹಾಗೆ. ಕ್ರಾಂತಿ ಅಂದರೆ ದಾಟುವುದು, ಸೂರ್ಯ ಮಕರಕ್ಕೆ ದಾಟಿದರೆ ಸಂಕ್ರಾಂತಿ. ಟ್ಯಾಂಕು ಗೇಟು ದಾಟಿದರೆ ಎಳ್ಳು ಬೆಲ್ಲ ಯಾರು ಬೀರಬೇಕು?

ರಜೆ ಘೋಷಿಸುವವರು ಮೊದಲು ಪದ ಆರಿಸಿಕೊಳ್ಳುತ್ತಾರೆ. ಯಾವ ದೇಶದಲ್ಲೂ "ದಂಗೆ ದಿನ" ಅಂತ ರಜೆ ನಾನು ಕಂಡಿಲ್ಲ. ಎಲ್ಲ ಕಡೆ ವಿಮೋಚನೆ, ಕ್ರಾಂತಿ, ಸ್ವಾತಂತ್ರ್ಯ.

ನೈಲ್ ದಂಡೆ, ಸೆಪ್ಟೆಂಬರ್ 6

ಈಜಿಪ್ಟಿನಲ್ಲಿ ಐದು ವರ್ಷ ಇದ್ದೆ, ಹಾಗಾಗಿ ಇದನ್ನು ಹೇಳಲೇಬೇಕು. ಅಲ್ಲಿ ಜುಲೈ 23 ಇವತ್ತಿಗೂ ರಾಷ್ಟ್ರೀಯ ರಜೆ. 1952ರಲ್ಲಿ ಸೇನೆಯ ಯುವ ಅಧಿಕಾರಿಗಳು ರಾಜ ಫಾರೂಕನನ್ನು ಇಳಿಸಿದ ದಿನ. ಬೆಳಿಗ್ಗೆ ರೇಡಿಯೊದಲ್ಲಿ ಘೋಷಣೆ ಓದಿದ್ದು ಅನ್ವರ್ ಸಾದಾತ್. ಹಿಂದಿನ ರಾತ್ರಿ ಅವರು ಹೆಂಡತಿ ಜೊತೆ ಸಿನಿಮಾಕ್ಕೆ ಹೋಗಿದ್ದರು, ದಂಗೆ ಶುರುವಾದದ್ದೇ ಗೊತ್ತಿರಲಿಲ್ಲ! ಮೂರು ದಿನದ ಮೇಲೆ, ಜುಲೈ 26ಕ್ಕೆ ರಾಜ ಅಲೆಕ್ಸಾಂಡ್ರಿಯಾದಿಂದ ತನ್ನ ಹಡಗು ಹತ್ತಿ ಹೋದ.

ಕೈರೊದಲ್ಲಿ ತಾರೀಕುಗಳೇ ವಿಳಾಸ. ರಾಜ ಫುವಾದನ ಹೆಸರಿದ್ದ ದೊಡ್ಡ ರಸ್ತೆ ಈಗ 26 ಜುಲೈ ರಸ್ತೆ. ಯುದ್ಧದ ನೆನಪಿಗೆ 6 ಅಕ್ಟೋಬರ್ ಸೇತುವೆ. ನಾನು ಹೋದ ಹೊಸದರಲ್ಲಿ ಟ್ಯಾಕ್ಸಿಯವನು "26 ಜುಲೈ, 15 ಮೇ" ಅಂತ ಹೇಳುತ್ತಿದ್ದರೆ ಏನೋ ಅಪಾಯಿಂಟ್‌ಮೆಂಟ್ ಕೊಡ್ತಾ ಇದ್ದಾನೆ ಅಂದುಕೊಂಡಿದ್ದೆ.

ಅಲ್ಲಿ ಈ ರಜೆ ಯಾಕೆ ಉಳಿಯಿತು? ಒಂದು, ದಂಗೆಯಾಗಿ ಎರಡು ತಿಂಗಳಿಗೇ ಭೂಸುಧಾರಣೆ ತಂದರು. ಒಬ್ಬರಿಗೆ 200 ಫೆದ್ದಾನ್‌ಗಿಂತ ಜಾಸ್ತಿ ಭೂಮಿ ಇಲ್ಲ ಅಂತ, ಅಂದರೆ ಹೆಚ್ಚುಕಮ್ಮಿ 200 ಎಕರೆ. ಭೂಮಿ ಸಿಕ್ಕ ರೈತನ ಮೊಮ್ಮಗ ಆ ದಿನವನ್ನು ಬೈಯುವುದು ಕಷ್ಟ. ಎರಡು, ಹಂಗಾಮಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಆಮೇಲೆ ಬಂದ ಅಧ್ಯಕ್ಷರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಸೇನೆಯವರೇ. ತಮ್ಮ ಕುರ್ಚಿಯ ಹುಟ್ಟುಹಬ್ಬವನ್ನು ಯಾರು ರದ್ದು ಮಾಡುತ್ತಾರೆ?

ಆದರೆ ಹಬ್ಬದ ಮನೆಯಲ್ಲೂ ಜಗಳ ಇತ್ತು. ದಂಗೆಯ ಮುಖವಾಗಿದ್ದ, ಮೊದಲ ಅಧ್ಯಕ್ಷರಾದ ಮೊಹಮ್ಮದ್ ನಗೀಬರನ್ನು 1954ರಲ್ಲಿ ದಂಗೆಯ ಇನ್ನೊಬ್ಬ ನಾಯಕ ನಾಸರ್ ಇಳಿಸಿ ಗೃಹಬಂಧನದಲ್ಲಿಟ್ಟರು. ಬಿಡುಗಡೆ ಆದದ್ದು ಸಾದಾತ್ ಅಧ್ಯಕ್ಷರಾಗಿ ಬಂದ ಮೇಲೆ. ಪ್ರತಿವರ್ಷ ಜುಲೈ 23 ಬರುತ್ತಿತ್ತು, ಆ ದಿನದ ನಾಯಕ ಮನೆಯೊಳಗೆ ಬಂದಿ. ಈಗ ಮೆಟ್ರೊದಲ್ಲಿ ಸಾದಾತ್ ನಿಲ್ದಾಣದಲ್ಲಿ ನಿಂತರೆ ಒಂದು ದಾರಿಯಲ್ಲಿ ಮುಂದಿನ ನಿಲ್ದಾಣ ನಾಸರ್, ಇನ್ನೊಂದು ದಾರಿಯಲ್ಲಿ ಮುಂದಿನದು ನಗೀಬ್. ಒಂದೊಂದೇ ಸ್ಟಾಪು. ಬದುಕಿದ್ದಾಗ ಆಗದ್ದು ನೆಲದಡಿಯಲ್ಲಿ ಆಯಿತು.

ಬೆಂಗಳೂರು ಮಳೆ, ಸೆಪ್ಟೆಂಬರ್ 6

ಆ ಕೊನೆ ಸಾಲು 👏

ಬಾಸ್ಫರಸ್ ಚಹಾ, ಸೆಪ್ಟೆಂಬರ್ 7

ತುರ್ಕಿ ಕತೆ ಇನ್ನೂ ವಿಚಿತ್ರ. 1960ರ ಮೇ 27ರಂದು ಸೇನೆ ಪ್ರಧಾನಿ ಅದ್ನಾನ್ ಮೆಂದೆರೆಸ್ ಸರಕಾರವನ್ನು ಕಿತ್ತು ಹಾಕಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅವರನ್ನೂ ಇಬ್ಬರು ಮಂತ್ರಿಗಳನ್ನೂ ಇಮ್ರಾಲಿ ದ್ವೀಪದಲ್ಲಿ ಗಲ್ಲಿಗೆ ಹಾಕಿದರು. 1963ರಿಂದ ಮೇ 27 "ಸ್ವಾತಂತ್ರ್ಯ ಮತ್ತು ಸಂವಿಧಾನದ ಹಬ್ಬ". ಶಾಲೆಗೆ ರಜೆ, ಬೀದಿಗೆ ಬಾವುಟ.

ಈ ಹಬ್ಬವನ್ನು ರದ್ದು ಮಾಡಿದ್ದು ಯಾರು ಗೊತ್ತಾ? ಇನ್ನೊಂದು ದಂಗೆ ಮಾಡಿದ ಸೇನೆಯೇ! 1980ರ ಸೆಪ್ಟೆಂಬರಿನಲ್ಲಿ ಜನರಲ್ ಕೆನಾನ್ ಎವ್ರೆನ್ ಅಧಿಕಾರ ಹಿಡಿದರು. ಹಳೆಯ ದಂಗೆ ತಂದಿದ್ದ 1961ರ ಸಂವಿಧಾನ ಅವರಿಗೆ ಬೇಡವಾಗಿತ್ತು. ಸಂವಿಧಾನ ಹೋದ ಮೇಲೆ ಅದರ ಹಬ್ಬ ಯಾಕೆ? 1981ರಲ್ಲಿ ರಜೆ ಹೋಯಿತು. ಚಿಲಿಯಲ್ಲಿ ರಜೆ ಶುರುವಾದ ವರ್ಷವೇ ಇಲ್ಲಿ ಮುಗಿಯಿತು, ಗಮನಿಸಿ.

ಗಲ್ಲಿಗೇರಿದ ಮೆಂದೆರೆಸ್ ಹೆಸರು ಈಗ ಇಜ್ಮಿರ್ ವಿಮಾನ ನಿಲ್ದಾಣಕ್ಕಿದೆ. 2016ರ ಜುಲೈ 15ರಂದು ಒಂದು ದಂಗೆ ವಿಫಲವಾಯಿತಲ್ಲ, ಆ ದಿನ ಈಗ ರಾಷ್ಟ್ರೀಯ ರಜೆ. ಒಂದು ಕಾಲಕ್ಕೆ ದಂಗೆ ಗೆದ್ದದ್ದಕ್ಕೆ ರಜೆ, ಈಗ ಸೋತದ್ದಕ್ಕೆ. ನೌಕರರಿಗೆ ಎರಡೂ ಒಂದೇ 😄

ಸುಮ್ನೆ ಕೇಳ್ದೆ, ಸೆಪ್ಟೆಂಬರ್ 7

ನಮ್ಮ ಪಕ್ಕದ ಮನೆಯಲ್ಲಿ?

ನಿವೃತ್ತ ಮೇಷ್ಟ್ರು, ಸೆಪ್ಟೆಂಬರ್ 7

ಪಾಕಿಸ್ತಾನದಲ್ಲೂ ಇತ್ತು. 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸೇನಾಡಳಿತ ಹೇರಿ ಅಯೂಬ್ ಖಾನರ ಕೈಗೆ ಕೊಟ್ಟರು. ಇಪ್ಪತ್ತು ದಿನಕ್ಕೆ, ಅಕ್ಟೋಬರ್ 27ರಂದು, ಅಯೂಬ್ ಮಿರ್ಜಾರನ್ನೇ ಮನೆಗೆ ಕಳಿಸಿದರು. ಮನೆಗೂ ಅಲ್ಲ, ಲಂಡನ್ನಿಗೆ. ಆ ತಾರೀಕನ್ನೇ ಕ್ರಾಂತಿ ದಿನ ಅಂತ ಆಚರಿಸಿದರು.

1968ರಲ್ಲಿ ಹತ್ತು ವರ್ಷ ತುಂಬಿತು ಅಂತ "ಅಭಿವೃದ್ಧಿಯ ದಶಕ" ಎಂಬ ಭಾರಿ ಸಂಭ್ರಮ ಇಟ್ಟುಕೊಂಡರು. ಸಕ್ಕರೆ ದುಬಾರಿ ಆಗಿದ್ದ ಕಾಲ. ಅದೇ ಚಳಿಗಾಲದಲ್ಲಿ ವಿದ್ಯಾರ್ಥಿಗಳು ಬೀದಿಗೆ ಇಳಿದರು, 1969ರ ಮಾರ್ಚಿನಲ್ಲಿ ಅಯೂಬ್ ರಾಜೀನಾಮೆ ಕೊಟ್ಟರು. ಊರಿಗೆಲ್ಲ ಹಬ್ಬದ ಲೈಟು ಹಾಕಿಸಿ ತಮ್ಮ ಮನೆಯ ಕತ್ತಲೆ ತೋರಿಸಿಕೊಂಡರು.

ಲೆಕ್ಕದ ಪುಸ್ತಕ, ಸೆಪ್ಟೆಂಬರ್ 8

ಪೋರ್ಚುಗಲ್ ಮರೆಯಬೇಡಿ. 1974ರ ಏಪ್ರಿಲ್ 25. ಅದೂ ಸೈನಿಕರು ಮಾಡಿದ್ದೇ. ಆದರೆ ಅವರು ಇಳಿಸಿದ್ದು ಸರ್ವಾಧಿಕಾರವನ್ನು, ಸರಿಯಾಗಿ ಒಂದು ವರ್ಷಕ್ಕೆ ಚುನಾವಣೆ ನಡೆಯಿತು. ಬಂದೂಕಿನ ಬಾಯಿಗೆ ಜನ ಕಾರ್ನೇಷನ್ ಹೂ ಸಿಕ್ಕಿಸಿದರು. ಅಲ್ಲಿ ಈಗಲೂ ರಜೆ. ಸೇನೆ ಬಂದದ್ದಕ್ಕೆ ಜನ ಹಬ್ಬ ಮಾಡಲ್ಲ ಅಂತಿಲ್ಲ, ಬಂದವರು ವಾಪಸ್ ಹೋದರೆ ಮಾಡುತ್ತಾರೆ.

ಬೆಂಗಳೂರು ಮಳೆ, ಸೆಪ್ಟೆಂಬರ್ 8

ಎಲ್ಲಾ ಸರಿ, ಮೊದಲ ಪ್ರಶ್ನೆಗೆ ಉತ್ತರ ಎಲ್ಲಿ? ಚಿಲಿಯವರು ರಜೆ ಹೇಗೆ ತೆಗೆದರು? 1990ಕ್ಕೇ ಪ್ರಜಾಪ್ರಭುತ್ವ ಬಂತಲ್ಲ, 1998ರವರೆಗೆ ಯಾಕೆ ಕಾದರು?

ಅಂಡೀಸ್ ತಪ್ಪಲು, ಸೆಪ್ಟೆಂಬರ್ 9

ಇದನ್ನೇ ಎರಡು ದಿನ ಕೆದಕಿದೆ. ಚುನಾವಣೆ ಗೆದ್ದು ಬಂದವರ ಕೈ ಕಟ್ಟಿತ್ತು. ಪಿನೊಚೆ 1990ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರೂ 1998ರ ಮಾರ್ಚ್‌ವರೆಗೆ ಸೇನೆಯ ಮುಖ್ಯಸ್ಥರಾಗೇ ಉಳಿದರು. ಆಮೇಲೆ ಆಜೀವ ಸೆನೆಟರ್. ಸೆನೆಟಿನಲ್ಲಿ ಚುನಾಯಿತರಲ್ಲದ ಸದಸ್ಯರೂ ಇದ್ದರು. ರಜೆ ತೆಗೆಯಲು ಮತ ಸಾಲುತ್ತಿರಲಿಲ್ಲ.

1998ರ ಆಗಸ್ಟಿನಲ್ಲಿ ರಜೆ ರದ್ದಿಗೆ ಸೆನೆಟ್ ಒಪ್ಪಿತು. ಒಪ್ಪಂದ ಕುದುರಿಸಿದವರು ಇಬ್ಬರು. ಒಬ್ಬರು ಸೆನೆಟ್ ಅಧ್ಯಕ್ಷ ಆಂದ್ರೆಸ್ ಸಲ್ದಿವಾರ್, ಪಿನೊಚೆ ಆಡಳಿತ ಅವರನ್ನು ಒಂದು ಕಾಲಕ್ಕೆ ದೇಶದಿಂದ ಹೊರಗಿಟ್ಟಿತ್ತು. ಇನ್ನೊಬ್ಬರು ಸ್ವತಃ ಪಿನೊಚೆ! ಎರಡು ತಿಂಗಳಿಗೆ, ಅಕ್ಟೋಬರ್ 16ರಂದು, ಲಂಡನ್ನಿನಲ್ಲಿ ಪಿನೊಚೆ ಬಂಧನ ಆಯಿತು. ಆಗಸ್ಟಿನಲ್ಲಿ ಕೈಕುಲುಕಿದವರಿಗೆ ಇದು ಬರುತ್ತದೆ ಅಂತ ಗೊತ್ತಿದ್ದಿದ್ದರೆ ಒಪ್ಪಂದ ಆಗುತ್ತಿತ್ತೋ ಇಲ್ಲವೋ.

ಒಪ್ಪಂದದ ಬೆಲೆ ಏನು ಗೊತ್ತಾ? ರಜೆಗೆ ಬದಲು ರಜೆ. ಸೆಪ್ಟೆಂಬರಿನ ಮೊದಲ ಸೋಮವಾರ "ರಾಷ್ಟ್ರೀಯ ಏಕತೆಯ ದಿನ". 1999, 2000, 2001, ಮೂರು ಸಲ ಬಂತು. ಯಾರಿಗೂ ಅದರಲ್ಲಿ ಏನು ಮಾಡಬೇಕು ಅಂತ ತಿಳಿಯಲಿಲ್ಲ. 2002ರಲ್ಲಿ ಸುಮ್ಮನೆ ತೆಗೆದು ಹಾಕಿದರು. ಮನೆ ಒಡತಿಗೆ ಆ ದಿನದ ಬಗ್ಗೆ ಕೇಳಿದೆ. "ಹೌದಾ, ಅಂಥದ್ದೊಂದು ಇತ್ತಾ?" ಅಂದರು.

ರಜೆ ಹೋದರೂ ತಾರೀಕು ಹೋಗಲಿಲ್ಲ. ಪ್ರೊವಿದೆನ್ಸಿಯಾ ಬಡಾವಣೆಯ ಮುಖ್ಯ ರಸ್ತೆಗೆ 11 ಸೆಪ್ಟೆಂಬರ್ ರಸ್ತೆ ಅಂತಲೇ ಹೆಸರಿತ್ತು, ಬದಲಾದದ್ದು 2013ರಲ್ಲಿ. ದಂಗೆಯ ನೆನಪಿಗೆ 1975ರಲ್ಲಿ ಹಚ್ಚಿದ "ಸ್ವಾತಂತ್ರ್ಯದ ಜ್ಯೋತಿ" 2004ರಲ್ಲಿ ಆರಿತು. 1980ರ ಸಂವಿಧಾನಕ್ಕೆ ಜನಮತ ಕೇಳಿದ್ದೂ ಸೆಪ್ಟೆಂಬರ್ 11ರಂದೇ, ಅದೂ ಮತದಾರರ ಪಟ್ಟಿಯೇ ಇಲ್ಲದೆ. ಅದು ಜಾರಿಗೆ ಬಂದದ್ದು 1981ರ ಮಾರ್ಚ್ 11ಕ್ಕೆ. ಇವತ್ತಿಗೂ ಚಿಲಿಯ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವುದು ಮಾರ್ಚ್ 11ರಂದು. ಎಡದವರು ಗೆದ್ದರೂ ಅದೇ, ಬಲದವರು ಗೆದ್ದರೂ ಅದೇ.

ಒಂದು ಬಾಗಿಲಿನ ಕತೆ ಹೇಳಿ ಮುಗಿಸುತ್ತೇನೆ. ಮೊನೆಡಾದ ಪಕ್ಕದ ಬೀದಿಗೆ ಒಂದು ಸಣ್ಣ ಬಾಗಿಲಿತ್ತು, ಮೊರಾಂದೆ 80. ಅಧ್ಯಕ್ಷರು ಗಡಿಬಿಡಿ ಇಲ್ಲದೆ ಹೋಗಿಬರುತ್ತಿದ್ದ ಬಾಗಿಲು. ಅಯೆಂದೆ ಶವ ಹೊರಗೆ ತಂದದ್ದು ಅಲ್ಲಿಂದ. ಅರಮನೆ ರಿಪೇರಿ ಮಾಡುವಾಗ ಸೇನಾ ಸರಕಾರ ಅಲ್ಲಿ ಗೋಡೆ ಕಟ್ಟಿಸಿತು. 2003ರಲ್ಲಿ, 30 ವರ್ಷ ತುಂಬಿದಾಗ, ಅಧ್ಯಕ್ಷ ರಿಕಾರ್ದೊ ಲಾಗೊಸ್ ಬಾಗಿಲನ್ನು ಮತ್ತೆ ತೆರೆಸಿದರು. ಇವತ್ತು ಊಟದ ಬಿಡುವಿನಲ್ಲಿ ಹೋಗಿ ನೋಡಿದೆ. ಮರದ ಬಾಗಿಲು, ನಮ್ಮೂರ ಹಳೆ ಬ್ಯಾಂಕಿನದರಷ್ಟೇ ಎತ್ತರ. ಯಾರೋ ಎರಡು ಕೆಂಪು ಹೂ ಇಟ್ಟಿದ್ದರು. ಇನ್ನೂ ಎರಡು ದಿನ ಇದೆ, ಆಗಲೇ.

ಸುಮ್ನೆ ಕೇಳ್ದೆ, ಸೆಪ್ಟೆಂಬರ್ 9

ನಾನು ವಾದಕ್ಕೆ ಬಂದವನು, ಓದುತ್ತಾ ಕೂತುಬಿಟ್ಟೆ. ಆ ಅಣ್ಣನ ಮಾತನ್ನೂ ಒಂದು ದಿನ ಪೂರ್ತಿ ಕೇಳಿ ಬರೆಯಿರಿ. ಅವರಿಗೂ ಏನೋ ಇರಬೇಕು.

ಅಂಡೀಸ್ ತಪ್ಪಲು, ಸೆಪ್ಟೆಂಬರ್ 10

ಕೇಳಿದೆ. 1973ರಲ್ಲಿ ಅವರಿಗೆ 14 ವರ್ಷ. ಅಪ್ಪನ ಅಂಗಡಿಯಲ್ಲಿ ಮಾರಲು ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಹೊರಗೆ ಸಾಲಿನಲ್ಲಿ ನಿಂತವರು ಅಪ್ಪನನ್ನೇ ಕಳ್ಳ ಅಂದಿದ್ದರಂತೆ. ದಂಗೆಯಾಗಿ ಕೆಲವು ದಿನಕ್ಕೆ ಅಂಗಡಿ ತುಂಬಿತು. "ನನಗೆ ನೆನಪಿರುವುದು ಅದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಎದುರು ಮನೆಯ ಹುಡುಗ ಆ ವರ್ಷ ಶಾಲೆಗೆ ವಾಪಸ್ ಬರಲಿಲ್ಲ, ಅದೂ ನೆನಪಿದೆ ಅಂದರು. ಅವನ ಹೆಸರು ಕೇಳಬೇಕು ಅನ್ನಿಸಲಿಲ್ಲ ನನಗೆ.

ಅಂಡೀಸ್ ತಪ್ಪಲು, ಸೆಪ್ಟೆಂಬರ್ 11, ರಾತ್ರಿ

ಇವತ್ತು ರಜೆ ಇಲ್ಲ. ಕ್ಯಾಲೆಂಡರಿನಲ್ಲಿ ಕಪ್ಪು ಅಕ್ಷರ, ಮಾಮೂಲಿ ಕೆಲಸದ ದಿನ. ರದ್ದಾಗಿ 25 ವರ್ಷದ ಮೇಲಾಯಿತು.

ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ್ ಬಂದು, ಎಲ್ಲರೂ ಬೇಗ ಮನೆ ಸೇರಿಕೊಳ್ಳಿ ಅಂದರು. ಯಾರೂ ಯಾಕೆ ಅಂತ ಕೇಳಲಿಲ್ಲ. ದಾರಿಯಲ್ಲಿ ಅಂಗಡಿಗಳು ಷಟರ್ ಎಳೆಯುತ್ತಿದ್ದವು. ಬೆಣ್ಣೆಹಣ್ಣಿನ ಅಜ್ಜಿ ಕೂಡ ಗಾಡಿಗೆ ಟಾರ್ಪಾಲು ಕಟ್ಟುತ್ತಿದ್ದರು. ನಾಳೆ ಬಾ ಅಂದರು.

ಮನೆಗೆ ಬಂದರೆ ಒಡತಿ ಅಡಿಗೆಮನೆಯಲ್ಲಿ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದಾರೆ. ಈಗ ನೀರೇನೂ ಹೋಗಲ್ಲ, ಅಭ್ಯಾಸ ಅಂದರು. ಮೇಜಿನ ಮೇಲೆ ನಾಲ್ಕು ಮೇಣದಬತ್ತಿ. ಒಂದನ್ನು ಹಚ್ಚಿ ಕಿಟಕಿಯ ಹತ್ತಿರ ಇಟ್ಟರು. ಕೆಳಗೆ ಮೇಣ ಸುರಿಯದ ಹಾಗೆ ಏನಾದರೂ ಕೊಡು ಅಂದರು. ಜೇಬಿನಲ್ಲಿ ಆ ನಾಣ್ಯ ಬಿಟ್ಟು ಬೇರೇನೂ ಇರಲಿಲ್ಲ. ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ತಾರೀಕಿನ ಕಡೆ ಮೇಲೆ ಮಾಡಿ, ಬತ್ತಿಯನ್ನು ಅದರ ಮೇಲೆ ಅಂಟಿಸಿದರು.

ಈಗ ಹತ್ತೂವರೆ. ದೂರದಲ್ಲಿ ಎಲ್ಲೋ ಪಾತ್ರೆ ಬಡಿಯುವ ಸದ್ದು ಕೇಳ್ತಾ ಇದೆ. ಕರೆಂಟ್ ಇದೆ.